ಅವಳ ಹೆಸರಿನ ಕಡತ

"ಬುದ್ಧೀ, ಒಬ್ಬ ಮನುಷ್ಯ ನಂಬಿಕೆಗೆ ಯೋಗ್ಯನೋ ಅಲ್ಲವೋ ಎಂದು ತಿಳಿಯುವ ಬಗೆ ಯಾವುದು?"

ಕೇಳಿದ ಶಿಷ್ಯ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಅವನ ಕೋಣೆಯಲ್ಲಿ ಇನ್ನೊಬ್ಬ ಶಿಷ್ಯನಿದ್ದ. ತಾನು ಒಳಗೆ ಕಾಲಿಟ್ಟೊಡನೆ ಆ ಇನ್ನೊಬ್ಬ ಬರೆಯುತ್ತಿದ್ದ ಪುಸ್ತಕವನ್ನು ಮುಚ್ಚಿಬಿಡುತ್ತಾನೆ ಎಂಬುದು ಒಂದು ತಿಂಗಳಿನಿಂದ ಇವನ ಗಮನಕ್ಕೆ ಬಂದಿತ್ತು. ಅದನ್ನು ಗುರುಗಳಿಗೆ ಹೇಳಲಿಲ್ಲ. ಪ್ರಶ್ನೆಯನ್ನಷ್ಟೇ ಕೇಳಿದ.

ಯಾರ ವಿಷಯ ಎಂದು ಗುರುಗಳು ವಿಚಾರಿಸಲಿಲ್ಲ. "ಒಬ್ಬ ಮುದ್ರಕನಿದ್ದ" ಎಂದು ಕತೆ ಶುರುಮಾಡಿದರು.

ಮುದ್ರಕನ ಅಚ್ಚುಕೂಟ ಅವನ ತಂದೆ ಕಟ್ಟಿದ್ದು. ತಂದೆ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕಿದವನು. ಮಗನ ಕಾಲಕ್ಕೆ ಕಂಪ್ಯೂಟರ್ ಬಂತು, ಮೊಳೆಗಳು ಗುಜರಿಗೆ ಹೋದವು. ಆ ಕಂಪ್ಯೂಟರೂ ಈಗ ಹಳತಾಗಿತ್ತು. ಬೆಳಗ್ಗೆ ಗುಂಡಿ ಒತ್ತಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ ಬರುವಷ್ಟರಲ್ಲಿ ಅದು ಎಚ್ಚರಾಗುತ್ತಿತ್ತು.

ಅದರ ಮುಂದೆ ಕೂತು ಅಕ್ಷರ ಜೋಡಿಸಲು ಒಬ್ಬ ಹೆಂಗಸಿದ್ದಳು. ಹನ್ನೊಂದು ವರ್ಷದಿಂದ ಇದ್ದಳು. ಲಗ್ನಪತ್ರಿಕೆ, ರಸೀದಿ ಪುಸ್ತಕ, ತಿಥಿಯ ಕಾರ್ಡು, ಚುನಾವಣೆಯ ಕರಪತ್ರ, ಎಲ್ಲವೂ ಅವಳ ಕೈಯಿಂದಲೇ ಹೊರಡುತ್ತಿದ್ದವು. ಮುದ್ರಕನಿಗೆ ಆ ಯಂತ್ರದಲ್ಲಿ ಬರುತ್ತಿದ್ದುದು ಸ್ವಲ್ಪ. ಕಡತ ತೆರೆಯುವುದು, ಮುಚ್ಚುವುದು, ಅಳಿಸುವುದು. ಉಳಿದದ್ದಕ್ಕೆ ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹನ್ನೊಂದು ವರ್ಷ ಒಬ್ಬರ ಬೆನ್ನು ನೋಡಿದರೂ ಅವರ ಪರಿಚಯವಾಗುವುದಿಲ್ಲ.

ಹೀಗಿರುವಾಗ ಎದುರು ಸಾಲಿನಲ್ಲಿ ಇನ್ನೊಂದು ಅಚ್ಚುಕೂಟ ತೆರೆಯಿತು. ಅಲ್ಲಿಂದ ಹೊರಟ ಮೊದಲ ಲಗ್ನಪತ್ರಿಕೆ ಮುದ್ರಕನ ಕೈಗೆ ಬಂತು. ಅದರ ನೆತ್ತಿಯ ಮೇಲಿದ್ದ ಗಣಪತಿ ತನ್ನಲ್ಲಿದ್ದ ಗಣಪತಿಯೇ. ಸೊಂಡಿಲಿನ ತಿರುವೂ ಅದೇ, ಇಲಿಯೂ ಅದೇ. ಸುತ್ತಲಿನ ಅಚ್ಚುಕೂಟಗಳೆಲ್ಲ ಒಂದೇ ಸೀಡಿಯ ಗಣಪತಿಯನ್ನು ಬಳಸುತ್ತವೆ ಎಂಬುದು ಅವನಿಗೂ ಗೊತ್ತಿತ್ತು. ಆದರೂ ಒಂದು ಮುಳ್ಳು ಒಳಗೆ ಮುರಿದು ಉಳಿಯಿತು. ಮುಂದಿನ ವಾರ ಆಕೆ ಎದುರು ಅಚ್ಚುಕೂಟದ ಮೆಟ್ಟಿಲ ಬಳಿ ನಿಂತು ಯಾರೊಡನೆಯೋ ಮಾತನಾಡುವುದನ್ನು ಕಂಡ. ಏನೆಂದು ಕೇಳಿದಾಗ, ಬಸ್ಸು ಹೋಯಿತೇ ಎಂದು ವಿಚಾರಿಸಿದೆ ಎಂದಳು. ಬಸ್ಸು ಹೋಯಿತೇ ಎಂದು ಕೇಳಲು ಅಷ್ಟು ಹೊತ್ತು ಬೇಕೇ? ಅದನ್ನು ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಉಳಿಸಿಕೊಂಡದ್ದು ಒಳಗೇ ಬೆಳೆಯಿತು.

ಆ ವರ್ಷ ಅಚ್ಚುಕೂಟಕ್ಕೆ ದೊಡ್ಡದೊಂದು ಕೆಲಸ ಬಂದಿತ್ತು. ಮುದುಕ ಮೇಷ್ಟರೊಬ್ಬರು ಆ ಸೀಮೆಯ ಹೊಲದ ಮಾತು, ಹಟ್ಟಿಯ ಮಾತು, ಅಡುಗೆಮನೆಯ ಮಾತುಗಳನ್ನು ಮೂವತ್ತು ವರ್ಷ ಕೂಡಿಹಾಕಿ ನಿಘಂಟು ಮಾಡಿದ್ದರು. ಆರುನೂರು ಪುಟ. ಬರೆದಿಟ್ಟ ಚೀಟಿಗಳಿಗೆ ಗೆದ್ದಲು ಹಿಡಿದಿತ್ತು. ಆಕೆ ಒಂದೊಂದು ಕಟ್ಟನ್ನು ಯಂತ್ರಕ್ಕೆ ಏರಿಸಿ ಮುಗಿಸಿದಂತೆ ಮೇಷ್ಟರು ಆ ಕಟ್ಟನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರು. ಅವರ ಕಣ್ಣೂ ಮಸುಕಾಗುತ್ತ ಬಂದಿತ್ತು. ಬಂದಾಗಲೆಲ್ಲ ಒಂದೇ ಮಾತು: "ಸಂಕ್ರಾಂತಿ ತನಕ ಕಾಣುತ್ತೆ ಅಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ನನ್ನ ಪುಸ್ತಕ ನಾನೇ ಓದಿಬಿಡಬೇಕಪ್ಪ."

ಕೊನೆಯ ಕೆಲವು ಪುಟಗಳು ಉಳಿದಿದ್ದಾಗ ಕಂಪ್ಯೂಟರ್ ನಿಂತಿತು. ಜಾಗವಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು.

"ಯಜಮಾನ್ರೇ, ತುಂಬಿಹೋಗಿದೆ" ಎಂದಳು ಹೆಂಗಸು. "ಎರಡು ದಿನ ಕೊಡಿ. ಒಂದೊಂದೇ ನೋಡಿ ಬೇಡದ್ದನ್ನೆಲ್ಲ ತೆಗೀತೀನಿ."

"ಬೇಡದ್ದು ಅಂದರೆ?"

"ಬೇಡದ್ದೇ. ಹಳೇ ಲಗ್ನಪತ್ರಿಕೆಗಳೇ ಸಾವಿರ ಇರಬೇಕು. ಅವರ ಮಕ್ಕಳ ಮದುವೆಗೂ ಅದೇ ಪತ್ರಿಕೆ ಮಾಡಿಸ್ತಾರಾ?"

ಆಕೆ ನಕ್ಕಳು. ಮುದ್ರಕ ನಗಲಿಲ್ಲ. ಬೇಡದ್ದು ಯಾರಿಗೆ ಬೇಡದ್ದು? ತೆಗೆಯುವುದಕ್ಕೂ ತೆಗೆದುಕೊಂಡು ಹೋಗುವುದಕ್ಕೂ ಎಷ್ಟು ದೂರ? ಅವನು, "ನೀನು ಎರಡು ದಿನ ರಜೆ ಹಾಕಿ ಮಗಳ ಮನೆಗೆ ಹೋಗಿ ಬಾರಮ್ಮ. ತೆಗೆಯುವುದನ್ನು ನಾನು ನೋಡಿಕೊಳ್ಳುತ್ತೇನೆ" ಎಂದ. ಹನ್ನೊಂದು ವರ್ಷದಲ್ಲಿ ಅವನು ತಾನಾಗಿ ಕೊಟ್ಟ ಮೊದಲ ರಜೆ ಅದು. ಆಕೆ ಅವನ ಮುಖವನ್ನು ಒಂದು ಕ್ಷಣ ನೋಡಿ, ಊಟದ ಚೀಲ ಎತ್ತಿಕೊಂಡು ಹೊರಟಳು.

ಮುದ್ರಕ ಹಗಲಿನಲ್ಲೇ ಬಾಗಿಲು ಹಾಕಿಕೊಂಡು ಯಂತ್ರದ ಮುಂದೆ ಕೂತ. ಅವನ ಕ್ರಮ ಸರಳವಾಗಿತ್ತು. ತನಗೆ ಗುರುತಿರುವುದು ಇರಲಿ, ಗುರುತಿಲ್ಲದ್ದು ಹೋಗಲಿ. ಲಗ್ನಪತ್ರಿಕೆಗಳೆಲ್ಲ ಗುರುತಿನವು. ಅವು ಉಳಿದವು. ಅವುಗಳಲ್ಲಿ ಒಂದು ಜೋಡಿ ಕೋರ್ಟಿಗೆ ಹೋಗಿ ಬೇರೆಯಾಗಿ, ಇಬ್ಬರೂ ಎರಡನೆಯ ಮದುವೆಯ ಪತ್ರಿಕೆಯನ್ನೂ ಇಲ್ಲೇ ಮಾಡಿಸಿದ್ದರು. ಮೂರೂ ಉಳಿದವು. ನಲವತ್ತಮೂರು ಗಣಪತಿಗಳು ಉಳಿದರು. ಸೋತ ಅಭ್ಯರ್ಥಿಗಳ ಫೋಟೋಗಳೂ ಉಳಿದವು.

ಆಮೇಲೆ ನಿಘಂಟು ಕಂಡಿತು. ಒಂದಲ್ಲ, ಎರಡು ಕಡೆ. ಅದರಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ಚಿತ್ರಗಳಿದ್ದವು. ಹಾಗಾಗಿ ಎರಡೂ ಭಾರಿಯಾಗಿದ್ದವು. ಒಂದು ಪುಸ್ತಕಕ್ಕೆ ಎರಡು ಪ್ರತಿ ಏಕೆ? ಒಂದು ನಮಗಾದರೆ ಇನ್ನೊಂದು ಯಾರಿಗೆ? ಮುದ್ರಕ ಒಂದನ್ನು ಅಳಿಸಿದ. ಒಮ್ಮೆಗೇ ಬೇಕಾದಷ್ಟು ಜಾಗವಾಯಿತು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು.

ನಿಲ್ಲಿಸಲಿಲ್ಲ. ಜಾಗಕ್ಕಾಗಿ ಕೂತವನು ಈಗ ಬೇರೇನನ್ನೋ ಹುಡುಕುತ್ತಿದ್ದ. ಕೆದಕುತ್ತ ಕೆದಕುತ್ತ ಯಂತ್ರದ ಸ್ವಂತ ಸಾಮಾನುಗಳಿರುವ ಕಡೆಗೆ ಬಂದ. ಅವನ್ನು ಮುಟ್ಟಬಾರದೆಂಬುದು ಅವನಿಗೆ ಗೊತ್ತಿತ್ತು. ಆದರೆ ಅವುಗಳ ನಡುವೆ ಒಂದು ಪುಟ್ಟ ಕಡತಕ್ಕೆ ಅವಳ ಹೆಸರಿತ್ತು.

ನನ್ನ ಯಂತ್ರದಲ್ಲಿ ಅವಳ ಹೆಸರೇಕೆ? ಅದೂ ಯಾರೂ ಕೈಹಾಕದ ಈ ಮೂಲೆಯಲ್ಲಿ? ಅವನು ಅದನ್ನು ಅಳಿಸಿದ. ಖಂಡಿತವೇ ಎಂದು ಯಂತ್ರ ಕೇಳಿತು. ಹೌದು ಎಂದ. ಅಳಿಸಿದ್ದು ಬೀಳುವ ಕಸದ ಬುಟ್ಟಿಯನ್ನೂ ಬರಿದು ಮಾಡಿದ. ಅದರಿಂದ ಸಿಕ್ಕಿದ ಜಾಗ ಸಾಸಿವೆಯಷ್ಟೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಯಂತ್ರ ಎಚ್ಚರಾದ ಮೇಲೆ ನಿಘಂಟನ್ನು ತೆರೆದು ನೋಡಿದ. ಅದರಲ್ಲಿ ಕನ್ನಡವಿರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷಿನ ಬಿಡಿ ಅಕ್ಷರಗಳು, ಕಂಸಗಳು, ಅಡ್ಡಗೀಟುಗಳು, ಚುಕ್ಕಿಗಳು. ಲಗ್ನಪತ್ರಿಕೆಯೊಂದನ್ನು ತೆರೆದ. ಅದೂ ಹಾಗೆಯೇ. ಗಣಪತಿ ಮಾತ್ರ ನೆಟ್ಟಗಿದ್ದ. ಅವನ ಕೆಳಗೆ ವಧುವೂ ಇಲ್ಲ, ವರನೂ ಇಲ್ಲ.

ಇನ್ನೂ ನಾಲ್ಕು ಕಡತ ತೆರೆದ, ಎಲ್ಲವೂ ಹಾಗೆಯೇ. ಆಮೇಲೆ ಒಂದು ಬಗೆಯ ನೆಮ್ಮದಿ ಮೂಡಿತು. ಆರು ತಿಂಗಳಿನಿಂದ ತಾನು ಅಂದುಕೊಂಡದ್ದು ನಿಜವಾಗಿತ್ತು. ಹೋಗುವ ಮುಂಚೆ ಆಕೆ ಅಕ್ಷರಗಳಿಗೆ ಬೀಗ ಹಾಕಿ ಹೋಗಿದ್ದಾಳೆ.

ಆ ಹೊತ್ತಿಗೆ ಕೋಲೂರಿಕೊಂಡು ಮೇಷ್ಟರು ಬಂದರು. ಮುದ್ರಕ ಅವರನ್ನು ಪರದೆಯ ಮುಂದೆ ಕೂರಿಸಿ, "ನೋಡಿ ಮೇಷ್ಟ್ರೇ, ನಿಮ್ಮ ಪುಸ್ತಕಕ್ಕೆ ಏನು ಮಾಡಿದ್ದಾಳೆ" ಎಂದ. ಮೇಷ್ಟರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

"ಇದು ಯಾವ ಸೀಮೆ ಮಾತಪ್ಪ?" ಎಂದರು. ಭೂತಗನ್ನಡಿಯನ್ನು ಒರೆಸಿ ಮತ್ತೊಮ್ಮೆ ನೋಡಿದರು. "ಚೀಟಿ ಎಲ್ಲ ಸುಟ್ಟುಬಿಟ್ಟೆನಲ್ಲೋ" ಎಂದರು.

ಮಗಳ ಊರಿಗೆ ಫೋನು ಹೋಯಿತು. ಮಧ್ಯಾಹ್ನದ ಬಸ್ಸಿಗೆ ಆಕೆ ಬಂದಳು. ಹೊಸಿಲು ದಾಟುವ ಮೊದಲೇ ಮುದ್ರಕ ಹೇಳಬೇಕಾದ್ದನ್ನೆಲ್ಲ ಹೇಳಿದ. ಗಣಪತಿಯಿಂದ ಹಿಡಿದು ಬಸ್ಸಿನವರೆಗೆ, ಬಸ್ಸಿನಿಂದ ಹಿಡಿದು ಬೀಗದವರೆಗೆ. ಆಕೆ ಕೇಳುತ್ತಲೇ ಬಂದು ಕುರ್ಚಿಯಲ್ಲಿ ಕೂತು, ಪರದೆಯನ್ನು ಒಂದು ಸಲ ನೋಡಿದಳು.

"ಬೀಗ ಅಲ್ಲ ಯಜಮಾನ್ರೇ. ಬರೆದದ್ದೆಲ್ಲ ಹಾಗೇ ಇದೆ. ಅದಕ್ಕೆ ಅಕ್ಷರದ ರೂಪ ಕೊಡೋ ಫಾಂಟು ಒಂದಿತ್ತು. ಅದನ್ನ ಅಳಿಸಿಬಿಟ್ಟಿದ್ದೀರಿ."

"ನಾನು ಅಳಿಸಿದ್ದು ನಿನ್ನ ಹೆಸರಿನದೊಂದನ್ನು."

"ಅದೇ ಅದು. ಏನಾದರೂ ಒಂದು ಹೆಸರು ಇಡಲೇಬೇಕಿತ್ತು, ನನ್ನದನ್ನೇ ಇಟ್ಟೆ. ನಿಮ್ಮ ತಂದೆಯವರ ಮೊಳೆ ಗುಜರಿಗೆ ಹೋದ ದಿನ ಒಂದೊಂದರ ಅಚ್ಚನ್ನೂ ಕಾಗದದ ಮೇಲೆ ತೆಗೆದಿಟ್ಟುಕೊಂಡಿದ್ದೆ. ಅದನ್ನ ನೋಡ್ಕೊಂಡು ಬರೆದದ್ದು. ನೀವು ಮನೆಗೆ ಊಟಕ್ಕೆ ಹೋದ ಹೊತ್ತಲ್ಲಿ ದಿನಕ್ಕೆ ಒಂದಕ್ಷರ, ಎರಡಕ್ಷರ. ಒತ್ತಕ್ಷರಕ್ಕೇ ಒಂದು ವರ್ಷ ಹಿಡೀತು."

ಊರಿನವರು ಎಷ್ಟೋ ಸಲ, ನಿಮ್ಮ ಅಚ್ಚು ನಿಮ್ಮ ತಂದೆಯವರ ಅಚ್ಚಿನ ಹಾಗೇ ದುಂಡಗಿದೆ ಎಂದು ಹೊಗಳಿದ್ದುಂಟು. ಮುದ್ರಕ ಆಗೆಲ್ಲ ತಲೆದೂಗಿದ್ದ. ಅದು ವಂಶದ ಗುಣ ಎಂದುಕೊಂಡಿದ್ದ.

ಆಕೆ ಚೀಲದಿಂದ ಬೆರಳುದ್ದದ ಪೆನ್‌ಡ್ರೈವ್ ತೆಗೆದು ಯಂತ್ರಕ್ಕೆ ಸಿಕ್ಕಿಸಿದಳು. ನಾಲ್ಕು ಗುಂಡಿ ಒತ್ತಿದಳು. ಕಂಸಗಳೂ ಗೀಟುಗಳೂ ಒಮ್ಮೆ ಅಲುಗಿದಂತಾಗಿ ಪರದೆಯ ತುಂಬ ಕನ್ನಡ ಕೂತಿತು. ಮೇಷ್ಟರು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು, ಬೆರಳಿಟ್ಟು ಓದಿದರು: "ಅಕ್ಕಡಿ. ರಾಗಿಯ ಹೊಲದಲ್ಲಿ ನಡುನಡುವೆ ಸಾಲು ಬಿಟ್ಟು ಬಿತ್ತುವ ಬೇರೆ ಕಾಳು." ಅವರ ಕೋಲು ನೆಲಕ್ಕೆ ಬಿತ್ತು. ಎತ್ತಿಕೊಳ್ಳದೆ ಮುಂದಿನ ಮಾತನ್ನು ಓದಿದರು.

ಮುದ್ರಕ ಪರದೆಯನ್ನು ನೋಡುತ್ತಿರಲಿಲ್ಲ. ಪೆನ್‌ಡ್ರೈವನ್ನು ನೋಡುತ್ತಿದ್ದ.

"ಹಾಗಾದರೆ ಅದರ ಪ್ರತಿ ನಿನ್ನ ಹತ್ತಿರ ಇತ್ತು" ಎಂದ.

"ಯಂತ್ರ ಹಳೇದು. ಯಾವತ್ತು ಕೈಕೊಡುತ್ತೋ ಅಂತ ಇಟ್ಕೊಂಡಿದ್ದೆ."

"ಎಲ್ಲಿಗೆ ಹೋದರೂ ಅದು ನಿನ್ನ ಚೀಲದಲ್ಲೇ ಇರುತ್ತಿತ್ತು."

ಆಕೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತಳು. ಮೇಷ್ಟರು ಪಕ್ಕದಲ್ಲಿ ಕೂತು ಕೊನೆಯ ಚೀಟಿಗಳನ್ನು ಒಂದೊಂದಾಗಿ ಕೈಗೆ ಕೊಟ್ಟರು. ಸಂಜೆಯ ಹೊತ್ತಿಗೆ ನಿಘಂಟು ಮುಗಿಯಿತು. ಆಕೆ ಪೆನ್‌ಡ್ರೈವನ್ನು ಕಿತ್ತು ಮುದ್ರಕನ ಮೇಜಿನ ಮೇಲೆ ಇಟ್ಟಳು. "ಇದು ನಿಮ್ಮ ತಂದೆಯವರದು. ಇಟ್ಕೊಳ್ಳಿ" ಎಂದಳು. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಸಂಕ್ರಾಂತಿಗೆ ಇನ್ನೂ ಹದಿನೈದು ದಿನವಿರುವಾಗ ಪುಸ್ತಕ ಅಚ್ಚಾಯಿತು. ಮೇಷ್ಟರು ಅದನ್ನು ಮೊದಲ ಪುಟದಿಂದ ಓದುತ್ತ ಹೋಗಿ, ಮುಕ್ಕಾಲು ಭಾಗ ತಮ್ಮ ಕಣ್ಣಿನಿಂದಲೇ ಓದಿದರು. ಉಳಿದದ್ದನ್ನು ಆಕೆ ಅವರ ಮನೆಗೆ ಹೋಗಿ ಓದಿ ಹೇಳಿದಳು ಎನ್ನುತ್ತಾರೆ.

ಮುದ್ರಕ ಪೆನ್‌ಡ್ರೈವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಆದರೆ ಒಂದರಿಂದ ಎರಡು ಮಾಡುವುದು ಎಷ್ಟು ಸುಲಭ ಎಂದು ಅವನಿಗೆ ಈಗ ತಿಳಿದಿತ್ತು. ಎರಡು ಮಾಡಿದವಳು ಮೂರು ಮಾಡಿರಲಾರಳೇ? ಆಕೆಯ ಜಾಗಕ್ಕೆ ಬಂದವರು ಒಬ್ಬರ ಹಿಂದೊಬ್ಬರು ಹೋದರು. ಬೆನ್ನ ಹಿಂದಿನ ಕುರ್ಚಿ ಇನ್ನೂ ಹತ್ತಿರಕ್ಕೆ ಬಂದಿತ್ತು. ಈಗ ಅವನು ಊರಿನ ಯಾವ ಮದುವೆಯನ್ನೂ ತಪ್ಪಿಸುವುದಿಲ್ಲ. ಚಪ್ಪರದ ಕಂಬಕ್ಕೆ ಒರಗಿ ನಿಂತು, ಎದುರು ಅಚ್ಚುಕೂಟದಲ್ಲಿ ಮಾಡಿಸಿದ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ನೋಡುತ್ತಾನೆ. ಒಂದು ದಿನ ಆ ದುಂಡಗಿನ ಅಕ್ಷರ ತನ್ನ ತಂದೆಯದೇ ಅನಿಸುತ್ತದೆ. ಇನ್ನೊಂದು ದಿನ ಅಲ್ಲ ಅನಿಸುತ್ತದೆ. ಧಾರೆ ಮುಗಿದು ಊಟದ ಎಲೆ ಹಾಕಿದಾಗ ಯಾರಾದರೂ ಬಂದು ತೋಳು ಹಿಡಿದು ಕರೆಯಬೇಕು. ಗಂಡು ಯಾರು, ಹೆಣ್ಣು ಯಾರು ಎಂದು ಕೇಳಿದರೆ ಅವನಿಗೆ ಗೊತ್ತಿರುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುಂದೆ ಇನ್ನೇನೋ ಇದೆಯೆಂದು ಶಿಷ್ಯ ಕಾದ.

"ಬುದ್ಧೀ, ಮುಖ್ಯವಾದದ್ದೇ ಉಳಿದುಹೋಯಿತು" ಎಂದ ಶಿಷ್ಯ. "ಆಕೆ ಆ ಅಕ್ಷರಗಳನ್ನು ಎದುರಿನವರಿಗೆ ಕೊಟ್ಟಿದ್ದಳೋ, ಇಲ್ಲವೋ?"

"ಮುದ್ರಕನೂ ಅದನ್ನೇ ಕೇಳುತ್ತಿದ್ದಾನೆ" ಎಂದರು ಗುರುಗಳು.