ಎಡೆಗಿಟ್ಟ ಸೀರೆ ವಿಮಾನ ಹತ್ತಿದ್ದು

ಮಾತಲ್ಲಿ ನನ್ನ ಗೆದ್ದೋನು ಈ ಸೀಮೇಲೇ ಇಲ್ಲ, ಕೇಳಿ.

ಅಳಿಯ ಜವರೇಶ ನಮ್ಮನ್ನೆಲ್ಲ ವಿಮಾನದಲ್ಲಿ ದೊಡ್ಡ ಆಟದ ಪಾರ್ಕಿಗೆ ಕರ್ಕೊಂಡು ಹೊರಟ. ಹೊರಡೋ ಬೆಳಿಗ್ಗೆ ಅವನ ಮನೇಲಿ ಬ್ಯಾಗು ತೂಕ ಹಾಕೋ ಕೊಕ್ಕೆ ಹಿಡ್ಕೊಂಡು ಅಮಲ್ದಾರನ ಥರ ನಿಂತ.

"ಮಾವ, ಬ್ಯಾಗು ಭಾರ ಆಯ್ತು. ಆ ಸೀರೆ ತೆಗೀರಿ. ಸತ್ತೋರ ಸೀರೆ ಪಾರ್ಕಿಗ್ಯಾಕೆ?"

ಅದು ನನ್ನ ಹೆಂಡ್ತಿ ಕೆಂಪಾಜಮ್ಮನ ಸೀರೆ. ವಿಮಾನ ಹತ್ತಬೇಕು ಅಂತ ಆಸೆ ಇಟ್ಕೊಂಡೇ ಹೋಗ್ಬಿಟ್ಳು. ಅದನ್ನ ಬಿಟ್ಟು ಹೋಗೋಕೆ ನಂಗೆ ಮನಸ್ಸೇ ಇಲ್ಲ. ಆದ್ರೂ ಜಗಳ ಆಡ್ಲಿಲ್ಲ. ಸೀರೆ ತೆಗೆದು ಅಳಿಯನ ಮಂಚದ ಮೇಲೆ ಹಾಸ್ದೆ.

"ಆಗ್ಲಪ್ಪ. ಹಿರಿಯರ ಹಬ್ಬದಲ್ಲಿ ಎಡೆಗಿಟ್ಟ ಸೀರೆ ಇದು. ನಾವು ಬರೋಗಂಟ ನಿಮ್ಮತ್ತೆ ಇಲ್ಲೇ ಮಲಗಿರ್ತಾಳೆ. ವಾಪಸ್ ಬಂದಾಗ, ಹಿರಿಯರು ಉಣ್ತಿರೋ ಎಡೆ ಕೋಣೆಗೆ ಹೋಗೋ ಹಂಗೆ ಕೆಮ್ಮಿ ಬಾಗ್ಲು ತೆಗಿ. ಮೊದ್ಲು ನೀನೇ ಒಳಕ್ಕೋಗು."

ಜವರೇಶ ಮಂಚ ನೋಡ್ದ, ಬಾಗ್ಲು ನೋಡ್ದ. ಕೊಕ್ಕೆ ಕೆಳಗಿಟ್ಟ. ಬ್ಯಾಗಲ್ಲಿದ್ದ ತನ್ನ ಬೂಟು, ಪ್ಯಾಂಟು ಎಲ್ಲ ಆಚೆಗೆಸೆದು ಸೀರೇನ ಕೈಯಾರೆ ಮಡಚಿ ಬ್ಯಾಗಿಗಿಟ್ಟ.

"ಅತ್ತೆ ನಮ್ಜೊತೇಲೇ ಬರ್ಲಿ ಮಾವ."

ವಿಮಾನದಲ್ಲಿ ನಮ್ಮಿಬ್ಬರ ನಡುವಿನ ಸೀಟು ಖಾಲಿ. ಜವರೇಶ ಬೆವರ್ತಾ ಅದಕ್ಕೂ ಬೆಲ್ಟ್ ಹಾಕ್ದ. ನಂಗೆ ಒಳಗೊಳಗೇ ನಗು. ಅವನನ್ನ ಹೆದರಿಸೋಕೆ ನಾನೇ ಕಟ್ಟಿದ ಕಥೆ ತಾನೆ!

ವಿಮಾನ ಮೇಲಕ್ಕೆದ್ದಿತು. ಆ ಬೆಲ್ಟು ಸೀಟಿನ ಮೇಲೆ ಬಿದ್ದಿರ್ಲಿಲ್ಲ. ಯಾರದೋ ಹೊಟ್ಟೆ ಸುತ್ತ ಬಿಗಿದಂಗೆ ಉಬ್ಬಿ ನಿಂತಿತ್ತು. ಜವರೇಶ ಕಣ್ಮುಚ್ಕೊಂಡ.

ಕಿಟಕಿ ಪಕ್ಕದಲ್ಲಿದ್ದ ನಾನು ಹಿಂದಕ್ಕೆ ಒರಗಿ ಜಾಗ ಬಿಟ್ಟೆ.

"ಬಗ್ಗಿ ನೋಡೇ," ಅಂದೆ. "ಕೆಳಗೆ ನಮ್ಮೂರು ಕಾಣ್ತದೆ."