ಬಾಲ ಹರಿದ ಮೀನು

ನದಿಯ ದಂಡೆಯ ಆಶ್ರಮವೊಂದರಲ್ಲಿ ಗೌರಾಂಬ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ತಾಯಿ ಎಂದೇ ಕರೆಯುತ್ತಿದ್ದರು.

ಅವರ ಬಳಿ ಸೂಗಮ್ಮ ಎಂಬ ಶಿಷ್ಯೆ ಬಂದು ಸೇರಿದ್ದಳು. ಬಂದಾಗ ಅವಳ ಎಡಗೈ ಮುರಿದಿತ್ತು. ಮುರಿದವನು ಗಂಡ. ಅವಳು ಓಡಿಹೋಗದಂತೆ ಬಾಗಿಲಿಗೆ ಅಡ್ಡ ನಿಂತವರು ಅವನ ತಮ್ಮಂದಿರು.

ಕೈ ಕೂಡಿಕೊಂಡಿತು. ಮನಸ್ಸು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಧ್ಯಾನಕ್ಕೆ ಕೂತವಳು ನಡುವೆಯೇ ಎದ್ದು ಹೊರಗೆ ಹೋಗಿ ದಾರಿ ನೋಡುತ್ತಿದ್ದಳು. ಅಂಗಳದಲ್ಲಿ ಚಪ್ಪಲಿ ಸದ್ದಾದರೆ ಅವಳ ಕಣ್ಣು ಬಾಗಿಲ ಕಡೆ ಓಡುತ್ತಿತ್ತು.

"ತಾಯೀ, ನಾನು ವಾಪಸು ಹೋಗಲೋ, ಇಲ್ಲೇ ಇರಲೋ?"

ಆ ಮಾತು ಬಂದಾಗಲೆಲ್ಲ ತಾಯಿ ಏನಾದರೊಂದು ಕೆಲಸ ಹೇಳುತ್ತಿದ್ದರು. ಸೊಪ್ಪು ಬಿಡಿಸು. ಬತ್ತಿ ಹೊಸೆ.

ಪಡಸಾಲೆಯಲ್ಲಿ ಭಕ್ತರೊಬ್ಬರು ತಂದಿಟ್ಟ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಪಟ್ಟೆ ಪಟ್ಟೆಯ ದೊಡ್ಡ ಮೀನುಗಳು, ಅವುಗಳ ನಡುವೆ ಹೊಂಬಣ್ಣದ್ದೊಂದು ಚಿಕ್ಕ ಮೀನು.

ಒಂದು ಬೆಳಿಗ್ಗೆ ಸೂಗಮ್ಮ ನೋಡಿದರೆ ಚಿಕ್ಕ ಮೀನಿನ ಬಾಲ ಹರಿದು ಚಿಂದಿಯಾಗಿತ್ತು. ಅದು ಮೂಲೆಗೆ ಒತ್ತಿಕೊಂಡು ನಿಂತಿತ್ತು. ಪಟ್ಟೆ ಮೀನೊಂದು ಬಾಣದಂತೆ ಬಂದು ಗುದ್ದಿ ಹೋಯಿತು.

"ತಾಯೀ, ಮೀನಿಗೆ ಗಾಯವಾಗಿದೆ!"

"ನೋಡಿಕೋ," ಎಂದರು ತಾಯಿ.

ಸೂಗಮ್ಮ ಪೇಟೆಗೆ ಓಡಿ ಮೀನಿನ ಮದ್ದು ತಂದಳು. ತೊಟ್ಟಿಯ ನೀರಿಗೆ ಹಾಕಿದಳು. ಸಂಜೆ ಹೊತ್ತಿಗೆ ಬಾಲ ಇನ್ನಷ್ಟು ಮೋಟಾಗಿತ್ತು. ಮತ್ತೆ ಹಾಕಿದಳು. ಮರುದಿನ ಬೆನ್ನ ಮೇಲೂ ಗಾಯ.

"ಈ ಮದ್ದು ಹಿಡಿಯುತ್ತಿಲ್ಲ ತಾಯೀ."

"ಗಾಯಕ್ಕೆ ಮದ್ದು ಹಾಕಿದೆ. ಕಚ್ಚುವ ಬಾಯಿಗಳಿಗೆ ಏನು ಹಾಕಿದೆ?"

ಸೂಗಮ್ಮನ ಮುಖ ಚಿಕ್ಕದಾಯಿತು. ಕೂಡಲೇ ದೊಡ್ಡದೊಂದು ಬೋಗುಣಿ ತಂದು, ತಿಳಿನೀರು ತುಂಬಿ, ಚಿಟಿಕೆ ಕಲ್ಲುಪ್ಪು ಕರಗಿಸಿ, ಮೀನನ್ನು ಅದಕ್ಕೆ ಬಿಟ್ಟಳು. ಮೇಲೊಂದು ತೆಳು ಬಟ್ಟೆ ಹೊದಿಸಿದಳು.

ಆಮೇಲೆ ಬಟ್ಟೆ ಎತ್ತಿ ನೋಡಿದಳು.

ಕಸ ಗುಡಿಸುತ್ತಾ ಬಂದು ನೋಡಿದಳು. ಒಲೆಯ ಮೇಲೆ ಅನ್ನ ಕುದಿಯುತ್ತಿದ್ದರೂ ಬಿಟ್ಟು ಬಂದು ನೋಡಿದಳು. ತಿನ್ನುತ್ತದೋ ಏನೋ ಎಂದು ಹಿಟ್ಟಿನ ಕಾಳು ಉದುರಿಸಿದಳು. ನೀರು ಕದಡಿತೆಂದು ನೀರು ಬದಲಿಸಿದಳು. ಅವಳು ಬಟ್ಟೆ ಎತ್ತಿದಾಗಲೆಲ್ಲ ಮೀನು ಬೆಚ್ಚಿ ಬೋಗುಣಿಯ ಅಂಚಿಗೆ ಹೊಡೆದುಕೊಳ್ಳುತ್ತಿತ್ತು.

"ಇದು ಬದುಕುವುದಿಲ್ಲ ತಾಯೀ. ಈಗ ಯಾರೂ ಕಚ್ಚುವವರಿಲ್ಲ, ಆದರೂ ಒದ್ದಾಡುತ್ತಿದೆ."

ತಾಯಿ ಅವಳನ್ನು ಒಂದು ಕೋಣೆಗೆ ಕರೆದೊಯ್ದರು. "ನಿನಗೂ ದಣಿವಾಗಿದೆ. ಮಲಗು," ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಸೂಗಮ್ಮ ತಲೆ ಇಟ್ಟಳೋ ಇಲ್ಲವೋ, ಬಾಗಿಲು ತೆರೆಯಿತು.

"ನಿದ್ದೆ ಬಂತೇ?" ಎಂದರು ತಾಯಿ.

"ಇಲ್ಲ ತಾಯೀ."

ಬಾಗಿಲು ಮುಚ್ಚಿತು. ಕಣ್ಣು ಕೂಡುವಷ್ಟರಲ್ಲಿ ಮತ್ತೆ ತೆರೆಯಿತು.

"ಈಗ?"

ಸ್ವಲ್ಪ ಹೊತ್ತಿಗೆ ಮತ್ತೆ. "ನೀರು ಕುಡಿಯುತ್ತೀಯಾ?" ಇನ್ನೊಮ್ಮೆ. "ದಿಂಬು ಬದಲಿಸಲೇ?"

ಸೂಗಮ್ಮ ಎದ್ದೇ ಕೂತಳು. "ತಾಯೀ, ಒಂದು ಗಳಿಗೆ ನನ್ನನ್ನು ನನ್ನ ಪಾಡಿಗೆ ಬಿಡಬಾರದೇ!"

ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಬಾಗಿಲ ಸಂದಿಯಿಂದ ಪಡಸಾಲೆಯ ಬೋಗುಣಿ ಕಾಣುತ್ತಿತ್ತು. ಸೂಗಮ್ಮ ಅದನ್ನೇ ನೋಡುತ್ತಾ ಕೂತಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅಂದಿನಿಂದ ಬೆಳಿಗ್ಗೆ ಒಮ್ಮೆ ನೀರು, ಒಮ್ಮೆ ಕಾಳು. ಮಿಕ್ಕ ಹೊತ್ತು ಕೈ ಚಡಪಡಿಸಿದರೆ ಸೆರಗಿಗೆ ಸುತ್ತಿಕೊಂಡಳು.

ಮೀನು ಮೊದಲು ನಿಂತಲ್ಲೇ ನಿಂತಿತು. ಆಮೇಲೆ ಒಂದು ಕಾಳು ತಿಂದಿತು. ದಿನ ಕಳೆದಂತೆ ಬಾಲದ ತುದಿಯಲ್ಲಿ ಗಾಳಿಪಟದ ಹಾಳೆಯಂಥ ತೆಳ್ಳನೆಯ ಹೊಸ ಚರ್ಮ ಮೂಡಿತು.

ಬಾಲ ಪೂರ್ತಿ ಬಂದಿದ್ದ ದಿನಗಳಲ್ಲೇ ಸೂಗಮ್ಮನ ಅಣ್ಣ ಸಂಗಣ್ಣ ಬಂದ. ತಂಗಿಯ ಕೈ ಹಿಡಿದು ತಿರುಗಿಸಿ ನೋಡಿದ. ಅವನ ಕಣ್ಣು ತುಂಬಿತು.

"ಚೆನ್ನಾಗಿ ಕೂಡಿದೆ. ಇನ್ನು ಹೊರಡವ್ವ. ನಿನ್ನ ಗಂಡನ ಮನೆಯವರೇ ಹೇಳಿ ಕಳಿಸಿದ್ದಾರೆ. ಆದದ್ದಾಯಿತು, ಬರಲಿ ಅಂದಿದ್ದಾರೆ."

"ಅಷ್ಟೇ ಅಂದರೇ?"

"ಮತ್ತೇನು ಅನ್ನಬೇಕು? ಅಪ್ಪ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾನೆ, ಸೂಗೀ. ಊರವರೆಲ್ಲ ನಿನ್ನ ಬಗ್ಗೆಯೇ ಕೇಳುತ್ತಾರೆ."

ಸೂಗಮ್ಮ ತಾಯಿಯ ಮುಖ ನೋಡಿದಳು. ತಾಯಿ ಅವರೆಕಾಳು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

ಅಪ್ಪನ ಮಾತು ಬಂದಿದ್ದೇ ಅವಳು ಎದ್ದಳು. ಒಳಗೆ ಹೋಗಿ ಸೀರೆ ಮಡಿಸಿ ಚೀಲಕ್ಕೆ ತುಂಬಿದಳು. ತೆಗೆದಳು. ಮತ್ತೆ ತುಂಬಿದಳು. ಚೀಲ ಹಿಡಿದು ಪಡಸಾಲೆಗೆ ಬಂದವಳು ಬೋಗುಣಿಯ ಹತ್ತಿರ ನಿಂತುಬಿಟ್ಟಳು.

ಚೀಲ ಕೆಳಗಿಟ್ಟಳು. ಬೋಗುಣಿ ಎತ್ತಿ ಅಣ್ಣನ ಕೈಗೆ ಕೊಟ್ಟಳು.

"ಹೊರಡುವ ಮೊದಲು ಇದನ್ನು ಆ ತೊಟ್ಟಿಗೆ ಬಿಡಣ್ಣ. ಗಾಯವಾಗಿತ್ತು. ಈಗ ಮಾಯ್ದಿದೆ."

ಸಂಗಣ್ಣ ಬೋಗುಣಿಯನ್ನು ತೊಟ್ಟಿಯ ಮೇಲೆ ಬಾಗಿಸಿದ. ಪಟ್ಟೆ ಮೀನುಗಳು ಒಂದರ ಮೇಲೊಂದು ನುಗ್ಗಿ ಮೇಲೆ ಬಂದವು. ನೀರು ಕೊತಕೊತ ಅಂದಿತು.

ಅವನ ಕೈ ತಡೆಯಿತು.

"ಇವು ಇದನ್ನು ಬಿಡುವುದಿಲ್ಲ ಕಣೇ."

"ಗಾಯ ಮಾಡಿದ್ದೂ ಅವೇ ಅಣ್ಣ."

"ಗೊತ್ತಿದ್ದೂ ಬಿಡು ಅನ್ನುತ್ತೀಯಲ್ಲ, ನಿನಗೇನು ಬುದ್ಧಿ..."

ಮಾತು ಅಲ್ಲಿಗೇ ನಿಂತಿತು. ಅವನು ತಂಗಿಯನ್ನು ನೋಡಿದ. ತಂಗಿ ಅವನನ್ನೇ ನೋಡುತ್ತಿದ್ದಳು. ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣು ಬಾಗಿಲ ಕಡೆ ಓಡಲಿಲ್ಲ.

ಸಂಗಣ್ಣ ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟ. ಅದರ ಪಕ್ಕದಲ್ಲೇ ಕುಕ್ಕರಿಸಿದ.

"ತಾಯೀ," ಎಂದ ಕೊನೆಗೆ, "ಈಗ ನಾನೇನು ಮಾಡಲಿ?"

ತಾಯಿ ಅವರೆಕಾಳಿನ ಮೊರ ಎತ್ತಿಕೊಂಡು ಎದ್ದರು.

"ಕೈಕಾಲು ತೊಳೆದುಕೊಂಡು ಊಟಕ್ಕೆ ಬಾರಪ್ಪ. ಆಮೇಲೆ ಬಸ್ಸಿನಲ್ಲಿ ಒಂದೇ ಟಿಕೆಟ್ ತಗೋ."