ಹುಣಸೆ ನೆರಳಿನ ಒಡ್ಡು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನವಿದ್ದವರು ಹೊಳೆಯನ್ನೇ ಕೇಳಬಹುದು. ಇವತ್ತಿನವರೆಗೆ ಅದು ಅಲ್ಲಗಳೆದಿಲ್ಲ.

ಹೊಳೆ ಉಕ್ಕಿದ ವರ್ಷ ಹಿರೇತೊರೆ ಊರಿನ ಒಡ್ಡು ಒಡೆಯಿತು. ರಸ್ತೆ ಕೊಚ್ಚಿಹೋಯಿತು, ಬಾವಿ ಹೂತುಹೋಯಿತು. ಕೆಳಗೇರಿಯ ನಲವತ್ತು ಮನೆಯವರು ಗುಡ್ಡ ಹತ್ತಿ ತಗಡಿನ ಶೆಡ್ಡಿನಲ್ಲಿ ಕೂತರು.

ಒಡ್ಡನ್ನು ಮತ್ತೆ ಕಟ್ಟತೊಡಗಿದಾಗ ಅವರು ಹೊಳೆದಂಡೆಯ ಮಠಕ್ಕೆ ಬಂದು ಕಲ್ಲಯ್ಯಜ್ಜನವರಿಗೆ ಕೈಮುಗಿದರು.

"ಕೆಲಸದ ಮ್ಯಾಲ ಒಂದು ಕಣ್ಣು ಬೇಕ್ರಿ ಅಜ್ಜಾರ. ಮಠದವರು ಗಟ್ಟಿ ಐತಿ ಅಂದ್ರ ನಾವು ಕೆಳಗ ಇಳೀತೇವಿ."

ಅಜ್ಜ ತಮ್ಮ ಶಿಷ್ಯ ಅಡವಯ್ಯನನ್ನು ಕಳಿಸಿದರು. ಊರವರು ಅವನನ್ನು ಮರಿದೇವರು ಎನ್ನುತ್ತಿದ್ದರು.

ಅಡವಯ್ಯ ಅಂಥಿಂಥವನಲ್ಲ. ಅವನು ಹಿಮ್ಮಡಿ ಊರಿದರೆ ನೆಲದೊಳಗಿನ ಎರೆಹುಳು ಎದ್ದು ದಾರಿ ಬಿಡುತ್ತಿತ್ತು. ಪ್ರತಿ ಸೋಮವಾರ ಹೋದ, ಒಡ್ಡನ್ನು ಹಿಮ್ಮಡಿಯಿಂದ ಗುದ್ದಿ ನೋಡಿದ. ಹನ್ನೆರಡು ವಾರ ಕಳೆದ ಮೇಲೆ ಎದೆಯುಬ್ಬಿಸಿಕೊಂಡು ಬಂದ.

"ಒಡ್ಡು ಮುಗೀತ್ರಿ ಅಜ್ಜಾರ. ಕಬ್ಬಿಣ ಆಗೇತಿ. ನಾಳೆ ಮಂದೀನ ಇಳಿಸ್ಲೇನ್ರಿ?"

"ಮಜ್ಜಿಗಿ ಎಲ್ಲಿ ಕುಡೀತಿದ್ದಿ?"

"ಏನ್ರಿ?"

"ಬಿಸಲಾಗ ಹೋಗಿ ಬರ್ತಿದ್ದಿ. ಮಜ್ಜಿಗಿ ಕೊಡ್ತಿದ್ದಿಲ್ಲ?"

"ಕೊಡ್ತಿದ್ರು. ಹುಣಸಿ ಗಿಡದ ಬುಡಕ. ಮೇಸ್ತ್ರಿ ಗದಿಗೆಪ್ಪ ಕಂಬಳಿ ಹಾಸ್ತಿದ್ದ. ಇಂಗು ಹಾಕಿದ ಮಜ್ಜಿಗಿರಿ. ಭಾಳ ಒಳ್ಳೆ ಮನಶಾ."

"ನಡಿ."

ಇಬ್ಬರೂ ಒಡ್ಡಿಗೆ ಬಂದರು. ಹುಣಸೆಯ ನೆರಳಲ್ಲಿ ಅಜ್ಜ ಕೋಲು ಕುಟ್ಟಿದರು. ಕಲ್ಲಿಗೆ ಕುಟ್ಟಿದ ಹಾಗೆ ಸದ್ದಾಯಿತು. ಅದೇ ಹೊತ್ತಿಗೆ ಕಾಗೆಯೊಂದು ಹಾರಿಬಂದು ಒಡ್ಡಿಗೆ ಕೊಕ್ಕು ಮಸೆದುಕೊಂಡು ಹೋಯಿತು. ಅಡವಯ್ಯ ಮೀಸೆಯಲ್ಲೇ ನಕ್ಕ.

ಅಜ್ಜ ನೆರಳು ದಾಟಿ ಮುಂದೆ ನಡೆದರು.

"ಆ ಕಡೆ ಬಿಸಲು ಭಾಳ ಐತ್ರಿ ಅಜ್ಜಾರ."

"ಹೊಳಿ ಬಿಸಲಿಗೆ ಅಂಜತೈತೇನು?"

ಇನ್ನೂರು ಹೆಜ್ಜೆ ಹೋಗಿ ಕೋಲು ಊರಿದರು. ನಾದಿದ ಹಿಟ್ಟಿನಲ್ಲಿ ಬೆರಳು ಇಳಿದಂತೆ ಅದು ಇಳಿಯಿತು.

ಗದಿಗೆಪ್ಪ ಓಡಿ ಬಂದ.

"ಇಲ್ಲಿ ಮಣ್ಣಿಗೆ ದಮ್ಮಸು ಹಾಕಿ ಬಡದಿಲ್ಲೇನಪಾ?" ಅಜ್ಜ ಕೇಳಿದರು.

ಮೇಸ್ತ್ರಿ ನೆಲ ನೋಡಿದ. "ಇದ್ದವರು ಹತ್ತು ಮಂದಿರಿ. ಮಳಿ ಹತ್ರ ಬಂತು. ಮರಿದೇವರು ಹಿಮ್ಮಡ ಊರೋ ಕಡೆ ಎಲ್ಲಾ ಬಡದೇವಿ." ಆಮೇಲೆ ದನಿ ಇಳಿಸಿ ಹೇಳಿದ: "ಅವರು ನೆರಳು ದಾಟಂಗಿಲ್ರಿ."

ಅಡವಯ್ಯನ ಕಿವಿ ಕೆಂಪಾದವು.

ಸರಿಯಾಗಿ ಅಲ್ಲೇ, ಒಡ್ಡಿನ ಕೆಳಗೆ, ನೀಲವ್ವನ ಮನೆ. ಮುದುಕಿ ಗುಡ್ಡದಿಂದ ಇಳಿದು ಬಂದು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ತಲೆ ಎತ್ತಿ ಕೂಗಿದಳು:

"ಮರಿದೇವರ, ನೀವು ಗಟ್ಟಿ ಅಂದ್ರಂತ. ನಾಳೆ ಒಲಿ ಹಚ್ಚಲೇನ್ರಿ? ಮೊಮ್ಮಕ್ಕಳು ಶೆಡ್ಡಿನ್ಯಾಗ ಬೇಯಾಕ ಹತ್ಯಾವ."

ಅಡವಯ್ಯ ಒಡ್ಡಿನ ಅಂಚಿಗೆ ಬಂದು, "ಇನ್ನಷ್ಟು ದಿನ ತಡಿರಿ ಯವ್ವಾ" ಎಂದ.

ಮುದುಕಿ ಸುಣ್ಣದ ಗಡಿಗೆ ಕೆಳಗಿಟ್ಟಳು. ಅಡವಯ್ಯ ಅಜ್ಜನ ಕಡೆ ತಿರುಗಿದ.

"ತಪ್ಪಾತ್ರಿ ಅಜ್ಜಾರ. ನಾಳೆಯಿಂದ ಒಡ್ಡಿನುದ್ದಕ್ಕೂ ಹೆಜ್ಜಿಗೊಮ್ಮೆ ಗುದ್ದಿ ನೋಡ್ತೀನಿ. ಮಜ್ಜಿಗಿ ಮುಟ್ಟಂಗಿಲ್ಲ."

"ಮಜ್ಜಿಗಿ ಏನು ಮಾಡೇತಿ, ಕುಡಿ. ನಿನ್ನ ಹಾಸಿಗಿ ಮಾತ್ರ ಆ ಮನಿಯೊಳಗ ಹಾಕು. ಆಕಿ ಸದ್ಯ ಗುಡ್ಡದ ಮ್ಯಾಲೇ ಇರಲಿ."

ಅಡವಯ್ಯ ಅಂದೇ ಹಾಸಿಗೆ ಹೊತ್ತು ತಂದ. ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದ. ಒಡ್ಡು ಮಾಡಿನ ಮೇಲೇ ಬಾಗಿದಂತೆ ಕಂಡಿತು. ಅದರಾಚೆಗೆ ಹೊಳೆ ಹರಿಯುವುದು ಕೇಳಿಸಿತು. ಹಾಸಿಗೆ ಇಳಿಸಿದವನೇ ಗದಿಗೆಪ್ಪನ ಕೈಯಿಂದ ದಮ್ಮಸು ಇಸಿದುಕೊಂಡ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕೊಕ್ಕು ಮಸೆದ ಕಾಗೆ ಕಟ್ಟಿ ಹೇಳಿದ್ದು. ಉಳಿದದ್ದೆಲ್ಲ ನಡೆದ ಹಾಗೇ ಇದೆ, ಇದೂ ಸೇರಿ:

"ಅಜ್ಜಾರ," ಅಡವಯ್ಯ ಕೇಳಿದ, "ಮಂದಿ ಗುಡ್ಡ ಇಳೀಲಿ ಅಂತ ಯಾವಾಗ ಹೇಳ್ಲಿ?"

"ಇಲ್ಲಿ ನಿನಗ ಕಣ್ತುಂಬ ನಿದ್ದಿ ಬಂದ ಮರುದಿನ."